ಕಚೇರಿಯ ಮೇಲ್, ಕ್ಯಾಲೆಂಡರ್, ಸಂಪರ್ಕಗಳು: ಯಾವ ಫೋನ್ ಕೊಳ್ಳಬೇಕು?

ಪ್ರಶ್ನೆ: ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನಾನಿದ್ದೇನೆ. ನಮ್ಮ ಮುಖ್ಯ ಕಚೇರಿ ಬೆಂಗಳೂರಿನಲ್ಲಿದೆ. ಕಚೇರಿಯ ಕಂಪ್ಯೂಟರಿನಲ್ಲಿ ಔಟ್‌ಲುಕ್ ಬಳಸುತ್ತೇವೆ. ನನ್ನ ಫೋನಿಗೆ ಮೇಲ್ ಬರುತ್ತದೆ, ಆದರೆ ಮೀಟಿಂಗ್‌ಗಳು ಫೋನಿನ ಕ್ಯಾಲೆಂಡರಿನಲ್ಲಿ ಕಾಣುವುದಿಲ್ಲ. ಈಚೆಗೆ ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿದ ಮೇಲೆ, ಆ ದಿನದ ಮೀಟಿಂಗನ್ನು ಹಿಂದಿನ ಸಂಜೆಯೇ ಮುಂದಕ್ಕೆ ಹಾಕಿದ್ದರೆಂದು ತಿಳಿಯಿತು. ವೆಂಡರ್‌ಗಳ ನಂಬರುಗಳು ಅರ್ಧ ಸಿಮ್‌ನಲ್ಲಿ, ಅರ್ಧ ಕಚೇರಿಯ ಕಂಪ್ಯೂಟರಿನಲ್ಲಿವೆ. ಐಫೋನ್ ಕೊಂಡರೆ ಮಾತ್ರ ಇದೆಲ್ಲ ಒಂದಕ್ಕೊಂದು ಸೇರಿಕೊಳ್ಳುತ್ತದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಹಾಕಬಹುದಾದ ಹಣ 25,000 ರೂಪಾಯಿ. ಕಚೇರಿಯ ಖಾತೆ ಸೇರಿಸಿದರೆ ಕಂಪನಿಯವರು ನನ್ನ ಫೋನನ್ನೇ ಅಳಿಸಿಹಾಕಬಹುದು ಎಂಬ ಮಾತೂ ಕಿವಿಗೆ ಬಿದ್ದಿದೆ. ಮಕ್ಕಳ ಫೋಟೋಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?
— ಖರೀದಿ ಅಧಿಕಾರಿಯೊಬ್ಬರು, ತುಮಕೂರು

ಉತ್ತರ: ಮೇಲ್ ಬರುತ್ತದೆ, ಮೀಟಿಂಗ್ ಬರುವುದಿಲ್ಲ ಎಂದು ನೀವು ಬರೆದಿರುವುದರಲ್ಲೇ ಕಾರಣ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ನಿಮ್ಮ ಫೋನಿಗೆ ಕಚೇರಿಯ ಖಾತೆಯನ್ನು ಸೇರಿಸಿಕೊಟ್ಟವರು ಅದನ್ನು ಐಮ್ಯಾಪ್ ಖಾತೆಯಾಗಿ ಸೇರಿಸಿರಬೇಕು. ಐಮ್ಯಾಪ್ ಎಂಬುದು 1980ರ ದಶಕದಲ್ಲಿ ರೂಪುಗೊಂಡ ವ್ಯವಸ್ಥೆ. ಸರ್ವರಿನಲ್ಲಿರುವ ಮೇಲ್‌ಗಳನ್ನು ತೋರಿಸುವುದು, ಒಂದು ಕಡೆ ಓದಿದ್ದನ್ನು ಇನ್ನೊಂದು ಕಡೆಯೂ ಓದಿದಂತೆ ಗುರುತು ಮಾಡುವುದು, ಇಷ್ಟೇ ಅದರ ಕೆಲಸ. ಕ್ಯಾಲೆಂಡರಿನ ಗೊಡವೆಗಾಗಲೀ ಸಂಪರ್ಕಗಳ ಪಟ್ಟಿಯ ಗೊಡವೆಗಾಗಲೀ ಅದು ಹೋಗುವುದೇ ಇಲ್ಲ. ಮೀಟಿಂಗಿನ ಆಹ್ವಾನವೂ ಅದನ್ನು ಮುಂದಕ್ಕೆ ಹಾಕಿದ ಸೂಚನೆಯೂ ನಿಮ್ಮ ಫೋನಿಗೆ ಬಂದೇ ಇದ್ದಿರಬೇಕು, ಆದರೆ ಬರಿಯ ಮೇಲ್‌ಗಳಾಗಿ, ಕೊಟೇಶನ್ನು ಇನ್‌ವಾಯ್ಸುಗಳ ನಡುವೆ ಸಿಕ್ಕಿಕೊಂಡು. ಹೊಸ ಫೋನ್ ಕೊಂಡು ಅದಕ್ಕೂ ಇದೇ ರೀತಿ ಖಾತೆ ಸೇರಿಸಿದರೆ ಲಕ್ಷ ರೂಪಾಯಿಯ ಐಫೋನಿನಲ್ಲೂ ನಿಮಗೆ ಇದೇ ಪಾಡು.

ಆದ್ದರಿಂದ ಅಂಗಡಿಗೆ ಹೋಗುವುದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಕಚೇರಿಯದಲ್ಲದ ಯಾವುದಾದರೂ ನಂಬಿಕೆಯ ಕಂಪ್ಯೂಟರಿನಲ್ಲಿ, ಮನೆಯದಾದರೆ ಒಳ್ಳೆಯದು, ಬ್ರೌಸರ್ ತೆರೆದು ಕಚೇರಿಯ ಮೇಲ್‌ಗೆ ಲಾಗಿನ್ ಆಗಿ. ಅಲ್ಲಿ ಮೇಲ್ ಜೊತೆಗೆ ನಿಮ್ಮ ಕ್ಯಾಲೆಂಡರ್ ಕಾಣುತ್ತದೆಯೇ, ಅದರಲ್ಲಿ ಮುಂದಿನ ವಾರದ ಮೀಟಿಂಗ್‌ಗಳಿವೆಯೇ, ವೆಂಡರ್‌ಗಳ ಹೆಸರುಗಳಿವೆಯೇ ಎಂದು ನೋಡಿ. ಇದ್ದರೆ ಅವು ಸರ್ವರಿನಲ್ಲಿವೆ, ಯಾವ ಫೋನಿಗಾದರೂ ತರಬಹುದು. ಇಲ್ಲದಿದ್ದರೆ ಅವು ಕಚೇರಿಯ ಒಂದು ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿ ಮಾತ್ರ ಇವೆ. ಔಟ್‌ಲುಕ್ ಎಂಬುದು ಒಂದು ತಂತ್ರಾಂಶವಷ್ಟೆ. ಅದರ ಹಿಂದೆ ಮೇಲ್, ಕ್ಯಾಲೆಂಡರ್, ಸಂಪರ್ಕಗಳನ್ನು ಒಟ್ಟಿಗೆ ಇಟ್ಟುಕೊಳ್ಳುವ ಮೈಕ್ರೋಸಾಫ್ಟಿನ ಎಕ್ಸ್‌ಚೇಂಜ್ ಸರ್ವರ್ ಇರಲೇಬೇಕೆಂದಿಲ್ಲ, ಅಗ್ಗದ ಮೇಲ್ ಸೇವೆಯೊಂದನ್ನು ಅದಕ್ಕೆ ಜೋಡಿಸಿ ಕ್ಯಾಲೆಂಡರನ್ನು ಆ ಕಂಪ್ಯೂಟರಿನಲ್ಲೇ ಇಟ್ಟುಕೊಂಡಿರುವ ಕಂಪನಿಗಳು ಎಷ್ಟೋ ಇವೆ. ಹಣ ಬ್ಯಾಂಕಿನಲ್ಲಿರುತ್ತದೆ, ಪಾಸ್‌ಬುಕ್ಕಿನಲ್ಲಿರುವುದು ಅದರ ನಕಲು. ಕಚೇರಿಯ ಖಾತೆಗೂ ಫೋನಿಗೂ ಇರುವ ಸಂಬಂಧ ಅಷ್ಟೇ. ಖಾತೆಯಲ್ಲಿಲ್ಲದ್ದನ್ನು ಯಾವ ಫೋನೂ ತೋರಿಸಲಾರದು.

ಬ್ರೌಸರಿನಲ್ಲಿ ಎಲ್ಲವೂ ಕಂಡಿತೆಂದುಕೊಳ್ಳೋಣ. ಮುಖ್ಯ ಕಚೇರಿ ಬೆಂಗಳೂರಿನಲ್ಲಿದ್ದು ಎಲ್ಲರೂ ಔಟ್‌ಲುಕ್‌ನಲ್ಲೇ ಮೀಟಿಂಗ್ ಕರೆಯುವ ನಿಮ್ಮಂಥ ಕಂಪನಿಯಲ್ಲಿ ಹೆಚ್ಚಾಗಿ ಹೀಗೇ ಇರುತ್ತದೆ. ಆಗ ಕಂಪನಿಯ ಐಟಿ ವಿಭಾಗದವರನ್ನು ಎರಡು ಮಾತು ಕೇಳಿ. ಒಂದು, ನಮ್ಮ ಮೇಲ್ ಮೈಕ್ರೋಸಾಫ್ಟ್ 365ರದೋ, ಗೂಗಲ್ ವರ್ಕ್‌ಸ್ಪೇಸಿನದೋ, ಜೋಹೋದಂಥ ಬೇರೆ ಸೇವೆಯದೋ? ಎರಡು, ಸ್ವಂತ ಫೋನಿನಲ್ಲಿ ಯಾವ ಆ್ಯಪ್ ಮೂಲಕ ಅದನ್ನು ತೆರೆಯಲು ಅನುಮತಿ ಇದೆ? ಈ ಎರಡನೆಯ ಪ್ರಶ್ನೆಯನ್ನು ಜನ ಕೇಳುವುದೇ ಇಲ್ಲ. ಎಷ್ಟೋ ಕಂಪನಿಗಳು ಫೋನಿನ ಜೊತೆಗೆ ಬರುವ ಮೇಲ್ ಆ್ಯಪನ್ನು ತಡೆಹಿಡಿದು ಔಟ್‌ಲುಕ್ ಆ್ಯಪಿಗೆ ಮಾತ್ರ ದಾರಿ ಬಿಟ್ಟಿರುತ್ತವೆ, ಅದು ಗೊತ್ತಿಲ್ಲದೆ ಜನ ಫೋನಿನ ಮೇಲೆ ತಪ್ಪು ಹೊರಿಸುತ್ತಾರೆ.

ಪಾಸ್‌ವರ್ಡ್ ಸರಿಯಿದ್ದರೂ ‘ತಪ್ಪು’ ಎನ್ನುವ ಹಳೆಯ ಫೋನುಗಳ ಮರ್ಮವೂ ಇಂಥದ್ದೇ. ಬರಿಯ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕಳಿಸಿ ಒಳಗೆ ಹೋಗುವ ಹಳೆಯ ಪದ್ಧತಿಯನ್ನು ಮೈಕ್ರೋಸಾಫ್ಟ್ ತನ್ನ ಕ್ಲೌಡ್ ಎಕ್ಸ್‌ಚೇಂಜಿನಲ್ಲಿ 2022ರ ಅಕ್ಟೋಬರಿನಿಂದ ನಿಲ್ಲಿಸುತ್ತ ಬಂದಿತು. ಗೂಗಲ್ ಕೂಡ ಸಾಮಾನ್ಯ ಜಿಮೇಲ್ ಖಾತೆಗಳಿಗೆ ಅದೇ ವರ್ಷದ ಮೇ ಕೊನೆಯಲ್ಲಿ ಆ ಬಾಗಿಲು ಮುಚ್ಚಿತು. ಈಗ ಲಾಗಿನ್ ಪುಟ ತೆರೆದು, ಎರಡನೆಯ ಹಂತದ ದೃಢೀಕರಣ ಮುಗಿಸಿ ಒಳಗೆ ಹೋಗಬೇಕು. ಹಳೆಯ ಮೇಲ್ ಆ್ಯಪುಗಳಿಗೆ ಆ ವಿದ್ಯೆ ಬಾರದು.

ನಿಮ್ಮ ಸಹೋದ್ಯೋಗಿಗಳ ಮಾತು ಪೂರ್ತಿ ಸುಳ್ಳಲ್ಲ, ಹಳತಾಗಿದೆ. ಮೇಲ್, ಕ್ಯಾಲೆಂಡರ್, ಸಂಪರ್ಕ ಮೂರನ್ನೂ ಒಟ್ಟಿಗೆ ಸಾಗಿಸುವ ಎಕ್ಸ್‌ಚೇಂಜ್ ಆಕ್ಟಿವ್‌ಸಿಂಕ್ ಎಂಬ ಏರ್ಪಾಡನ್ನು ಮೈಕ್ರೋಸಾಫ್ಟ್ ತನ್ನ 2003ರ ಸರ್ವರಿನಲ್ಲೇ ತಂದಿತ್ತು. ಐಫೋನ್ ಅದನ್ನು 2008ರಲ್ಲಿ ಅಳವಡಿಸಿಕೊಂಡಿತು. ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ಈ ಸೌಲಭ್ಯ ಒಂದೊಂದು ಕಂಪನಿಯದರಲ್ಲಿ ಒಂದೊಂದು ಥರ ಇತ್ತು. ಕಚೇರಿ ಮೇಲ್ ಎಂದರೆ ಬ್ಲ್ಯಾಕ್‌ಬೆರಿ ಎನ್ನುತ್ತಿದ್ದ ಕಾಲವೂ ಇತ್ತು, ಆ ಹಳೆಯ ಫೋನುಗಳ ಸೇವೆಯನ್ನು 2022ರ ಜನವರಿ 4ರಂದು ನಿಲ್ಲಿಸಿದರು. ಇವತ್ತಿನ ಮಟ್ಟಿಗೆ ಮೈಕ್ರೋಸಾಫ್ಟ್ ಆಗಲಿ ಗೂಗಲ್ ಆಗಲಿ, ಐಫೋನಿಗೂ ಆಂಡ್ರಾಯ್ಡಿಗೂ ಈ ವಿಷಯದಲ್ಲಿ ಹಣ ಸುರಿಯುವಷ್ಟು ವ್ಯತ್ಯಾಸವಿಲ್ಲ. ಐಫೋನಿನಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಎಂದು ಆರಿಸಿ ಖಾತೆ ಸೇರಿಸಿದರೆ ಮೇಲ್, ಸಂಪರ್ಕ, ಕ್ಯಾಲೆಂಡರ್‌ಗಳಿಗೆ ಒಂದೊಂದು ಸ್ವಿಚ್ ಕಾಣುತ್ತದೆ, ಮೂರನ್ನೂ ಆನ್ ಮಾಡಬೇಕು. ಆಂಡ್ರಾಯ್ಡಿನಲ್ಲಿ ಜಿಮೇಲ್ ಆ್ಯಪಿನಲ್ಲೇ ‘ಎಕ್ಸ್‌ಚೇಂಜ್’ ಖಾತೆ ಸೇರಿಸಬಹುದು, ಇಲ್ಲವೇ ಔಟ್‌ಲುಕ್ ಆ್ಯಪ್ ಹಾಕಿಕೊಳ್ಳಬಹುದು. ನನ್ನ ಮತ ಔಟ್‌ಲುಕ್ ಆ್ಯಪಿನ ಕಡೆಗೆ. ಮೀಟಿಂಗ್ ಸರಿದರೆ ಅದೇ ಆ್ಯಪಿನ ಕ್ಯಾಲೆಂಡರಿನಲ್ಲಿ ಸರಿಯುತ್ತದೆ, ಸಿಗ್ನಲ್ ಇಲ್ಲದ ಕಡೆಯಲ್ಲೂ ಕೊನೆಯ ಬಾರಿ ಸಿಂಕ್ ಆಗಿದ್ದ ದಿನಚರಿ ತೆರೆಯುತ್ತದೆ. ಅದರ ಸೆಟ್ಟಿಂಗ್ಸಿನಲ್ಲಿ ಸಂಪರ್ಕಗಳನ್ನು ಫೋನಿಗೆ ಸಿಂಕ್ ಮಾಡುವ ಸ್ವಿಚ್ ಪ್ರತ್ಯೇಕವಾಗಿದೆ. ಅದನ್ನು ಆನ್ ಮಾಡದಿದ್ದರೆ ವೆಂಡರ್ ಕರೆ ಮಾಡಿದಾಗ ಪರದೆಯ ಮೇಲೆ ಬರಿಯ ನಂಬರ್ ಬರುತ್ತದೆ, ಹೆಸರು ಬರುವುದಿಲ್ಲ.

ಈಗ ಸಂಪರ್ಕಗಳ ವಿಚಾರ. ಫೋನ್ ಬದಲಿಸುವಾಗ ಹೆಚ್ಚು ನಷ್ಟವಾಗುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀವು ಹೊಸ ನಂಬರೊಂದನ್ನು ಸೇವ್ ಮಾಡುವ ಪರದೆಯನ್ನು ನಿಧಾನವಾಗಿ ನೋಡಿ. ಹೆಸರು ಬರೆಯುವ ಜಾಗದ ಮೇಲೋ ಕೆಳಗೋ, ಎಲ್ಲಿ ಉಳಿಸಬೇಕು ಎಂಬ ಸಣ್ಣ ಸಾಲೊಂದಿರುತ್ತದೆ: ಫೋನ್, ಸಿಮ್, ಗೂಗಲ್ ಖಾತೆ, ಕಚೇರಿ ಖಾತೆ. ಬಹಳ ಜನ ಆ ಸಾಲನ್ನು ಮುಟ್ಟುವುದೇ ಇಲ್ಲ. ‘ಫೋನ್’ ಎಂದಿದ್ದರೆ ಫೋನ್ ಹೋದ ದಿನ ನಂಬರೂ ಹೋಯಿತು. ‘ಸಿಮ್’ ಎಂದಿದ್ದರೆ ಇನ್ನೂ ಇಕ್ಕಟ್ಟು: ಸಾಮಾನ್ಯವಾಗಿ 250ರ ಆಸುಪಾಸು ಹೆಸರುಗಳಿಗಷ್ಟೇ ಅಲ್ಲಿ ಜಾಗ, ವಿಳಾಸ, ಕಂಪನಿಯ ಹೆಸರು ಮೊದಲಾದವಕ್ಕೆ ಜಾಗವಿಲ್ಲ, ಉದ್ದದ ಹೆಸರುಗಳು ತುಂಡಾಗುತ್ತವೆ. ಕನ್ನಡದಲ್ಲಿ ಹೆಸರು ಬರೆದರಂತೂ ಪ್ರತಿ ಅಕ್ಷರಕ್ಕೆ ಎರಡರಷ್ಟು ಜಾಗ ಬೇಕಾಗುವುದರಿಂದ ಹಿಡಿಸುವುದು ಅರ್ಧದಷ್ಟೇ. ಸಿಮ್‌ನಲ್ಲಿರುವ ನಂಬರುಗಳನ್ನು ಸಂಪರ್ಕಗಳ ಆ್ಯಪಿನ ‘ಇಂಪೋರ್ಟ್’ ಮೂಲಕ ಖಾತೆಗೆ ಎತ್ತಿಕೊಂಡುಬಿಡಿ.

ಯಾವ ಖಾತೆಗೆ ಎಂಬುದು ಯೋಚಿಸಬೇಕಾದ ಮಾತು. ವೆಂಡರ್‌ಗಳ ನಂಬರುಗಳು ಕಚೇರಿ ಖಾತೆಯಲ್ಲಿರಲಿ, ಮನೆಯವರದು, ಡಾಕ್ಟರದು, ಗ್ಯಾಸ್ ಏಜೆನ್ಸಿಯದು ನಿಮ್ಮ ಸ್ವಂತ ಗೂಗಲ್ ಖಾತೆಯಲ್ಲಿರಲಿ. ಎರಡನ್ನೂ ಫೋನ್ ಒಂದೇ ಪಟ್ಟಿಯಲ್ಲಿ ತೋರಿಸುವುದರಿಂದ ಹುಡುಕುವಾಗ ತೊಂದರೆಯಾಗದು. ನೌಕರಿ ಬಿಟ್ಟ ದಿನ ಕಚೇರಿ ಖಾತೆಯನ್ನು ತೆಗೆದರೆ ಅದರಲ್ಲಿದ್ದ ನಂಬರುಗಳೆಲ್ಲ ಅದರ ಜೊತೆಗೇ ಹೋಗುತ್ತವೆ. ಅಣ್ಣನ ನಂಬರ್ ಕಂಪನಿಯ ಖಾತೆಯಲ್ಲಿದ್ದು ಅದೂ ಹೋಯಿತೆಂದು ಪೇಚಾಡುವವರ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ.

ಕಂಪನಿಯವರು ಫೋನನ್ನೇ ಅಳಿಸಿಹಾಕಬಹುದೇ ಎಂದರೆ, ನೀವು ಒಪ್ಪಿಗೆ ಕೊಟ್ಟ ಬಗೆಯನ್ನು ನೋಡಿಕೊಂಡು ಹೇಳಬೇಕು. ಫೋನಿನ ಸ್ವಂತ ಮೇಲ್ ಆ್ಯಪಿಗೆ ಎಕ್ಸ್‌ಚೇಂಜ್ ಖಾತೆ ಸೇರಿಸಿದಾಗ, ಕಳುವಾದ ಫೋನನ್ನು ದೂರದಿಂದ ಪೂರ್ತಿ ಅಳಿಸುವ ಅಧಿಕಾರ ಸರ್ವರಿನ ಆಡಳಿತದವರ ಕೈಗೆ ಹೋಗಬಹುದು. ಕೆಲವು ಫೋನುಗಳು ಇದಕ್ಕಾಗಿ ‘ಡಿವೈಸ್ ಅಡ್ಮಿನ್’ ಎಂಬ ಪರದೆ ತೋರಿಸಿ ಅನುಮತಿ ಕೇಳುತ್ತವೆ. ಅದನ್ನು ಓದದೆ ಒತ್ತುವುದೇ ಆತಂಕದ ಮೂಲ. ಔಟ್‌ಲುಕ್ ಆ್ಯಪಿನ ಮೂಲಕ ಹೋದರೆ ಅಳಿಸುವ ಆದೇಶ ಆ ಆ್ಯಪಿನೊಳಗಿನ ಮಾಹಿತಿಗೆ ಮಾತ್ರ ತಾಗುತ್ತದೆ. ಇದಕ್ಕಿಂತ ಭದ್ರವಾದ ದಾರಿ ಆಂಡ್ರಾಯ್ಡಿನ ವರ್ಕ್ ಪ್ರೊಫೈಲ್. 2014ರ ಆಂಡ್ರಾಯ್ಡ್ 5ರಿಂದ ಈ ಏರ್ಪಾಡು ಇದೆ. ಕಚೇರಿಯ ಆ್ಯಪುಗಳು ಚಿಕ್ಕ ಬ್ರೀಫ್‌ಕೇಸ್ ಗುರುತು ಹೊತ್ತು ಬೇರೆಯಾಗಿ ನಿಲ್ಲುತ್ತವೆ, ಕಂಪನಿ ಅಳಿಸಿದರೆ ಆ ಭಾಗವಷ್ಟೇ ಅಳಿಯುತ್ತದೆ, ನಿಮ್ಮ ಫೋಟೋಗಳು ಅವರ ಕಣ್ಣಿಗೂ ಬೀಳುವುದಿಲ್ಲ. ಭಾನುವಾರ ಆ ಪ್ರೊಫೈಲನ್ನೇ ನಿಲ್ಲಿಸಿಟ್ಟರೆ ಕಚೇರಿಯ ಮೇಲ್ ಸದ್ದೂ ಮಾಡದು. ಈ ಒಂದು ಅನುಕೂಲದ ದೃಷ್ಟಿಯಿಂದ ನಿಮಗೆ ಆಂಡ್ರಾಯ್ಡೇ ಮೇಲು ಎನ್ನುತ್ತೇನೆ. ಐಫೋನಿನಲ್ಲೂ 2019ರ ಐಒಎಸ್ 13ರಿಂದ ಇದನ್ನು ಹೋಲುವ ವ್ಯವಸ್ಥೆ ಇದೆಯಾದರೂ ಕಚೇರಿಯ ಆ್ಯಪುಗಳು ಇಷ್ಟು ಎದ್ದು ಕಾಣುವಂತೆ ಬೇರೆಯಾಗುವುದಿಲ್ಲ. ಎರಡರಲ್ಲೂ ಇದನ್ನು ಕಂಪನಿಯ ಐಟಿಯವರೇ ಹಾಕಿಕೊಡಬೇಕು.

ಇನ್ನು ಫೋನ್. ಎಂ.ಜಿ. ರಸ್ತೆಯ ಅಂಗಡಿಗಳಲ್ಲಿ ನಿಮಗೆ ಮೊದಲು ಕ್ಯಾಮೆರಾದ ಮೆಗಾಪಿಕ್ಸೆಲ್ ಹೇಳುತ್ತಾರೆ, ಆಮೇಲೆ ಚಾರ್ಜರಿನ ವಾಟ್ ಹೇಳುತ್ತಾರೆ. ನೀವು ಕೇಳಬೇಕಾದದ್ದು ಇನ್ನೊಂದು: ಈ ಮಾದರಿಗೆ ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ? ಅಪ್‌ಡೇಟ್ ನಿಂತ ಫೋನನ್ನು ಕಚೇರಿಯ ಸರ್ವರುಗಳು ಒಂದು ದಿನ ಒಳಗೆ ಬಿಡುವುದಿಲ್ಲ. ಇಂತಿಷ್ಟು ಹಳೆಯ ಆವೃತ್ತಿಗೆ ಪ್ರವೇಶವಿಲ್ಲ ಎಂಬ ನಿಯಮವನ್ನು ಕಂಪನಿಗಳು ಹಾಕಿಕೊಂಡಿರುತ್ತವೆ. ಗೂಗಲ್ ತನ್ನ ಪಿಕ್ಸೆಲ್ 8ರಿಂದ ಈಚಿನ ಫೋನುಗಳಿಗೆ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ರಿಂದ ಈಚಿನ ಎಸ್ ಮಾದರಿಗಳಿಗೆ 7 ವರ್ಷದ ಮಾತು ಕೊಟ್ಟಿವೆ. ಅವು ನಿಮ್ಮ ಬಜೆಟ್ಟಿಗೆ ನಿಲುಕುವಂಥವಲ್ಲ. ಆದರೆ ಸ್ಯಾಮ್‌ಸಂಗಿನದೇ ಎ16 5ಜಿ, ಎ26ರಂಥ ಮಧ್ಯಮ ಬೆಲೆಯ ಮಾದರಿಗಳಿಗೆ 6 ವರ್ಷದ ಭರವಸೆಯಿದೆ. ಆ ಸಾಲಿನಲ್ಲಿ ಹುಡುಕಿ. ಬೇರೆ ಕಂಪನಿಯ ಫೋನ್ ಇಷ್ಟವಾದರೆ ಅದರ ಅಧಿಕೃತ ಪುಟದಲ್ಲಿ ಈ ವರ್ಷಗಳನ್ನು ನೋಡಿ, ಎಣಿಕೆ ಬಿಡುಗಡೆಯ ದಿನದಿಂದ ಆರಂಭವಾಗುತ್ತದೆ ಎಂಬುದನ್ನು ಗಮನದಲ್ಲಿಡಿ. ಎರಡು ವರ್ಷ ಹಳೆಯ ಮಾದರಿಯನ್ನು ರಿಯಾಯಿತಿಯಲ್ಲಿ ಕೊಂಡರೆ ಎರಡು ವರ್ಷ ಆಗಲೇ ಕಳೆದಿರುತ್ತದೆ. ವರ್ಕ್ ಪ್ರೊಫೈಲ್ ಹಾಕಿದರೆ ಕೆಲವು ಆ್ಯಪುಗಳು ಎರಡೆರಡು ಪ್ರತಿ ಓಡುವುದರಿಂದ 8 ಜಿಬಿ ರ‍್ಯಾಮ್ ಇರಲಿ. 128 ಜಿಬಿ ಸಂಗ್ರಹ ಸಾಕು.

ಫೋನ್ ತಂದ ಮೇಲೆ ಬ್ಯಾಟರಿ ಉಳಿತಾಯದ ಸೆಟ್ಟಿಂಗುಗಳನ್ನು ಒಮ್ಮೆ ನೋಡಿ. ಶಓಮಿ, ಒಪ್ಪೊ, ವಿವೊ, ರಿಯಲ್‌ಮಿ ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಎಂದೋ ಅದನ್ನು ಹೋಲುವ ಹೆಸರಿನಿಂದಲೋ ಒಂದು ಅನುಮತಿ ಇರುತ್ತದೆ, ಸ್ಯಾಮ್‌ಸಂಗಿನಲ್ಲಿ ‘ಸ್ಲೀಪಿಂಗ್ ಆ್ಯಪ್ಸ್’ ಎಂಬ ಪಟ್ಟಿ ಇರುತ್ತದೆ. ಔಟ್‌ಲುಕ್ ಅಲ್ಲಿ ಮಲಗಿದ್ದರೆ ಮುಂದೂಡಿದ ಸೂಚನೆ ನೀವು ಆ್ಯಪ್ ತೆರೆಯುವವರೆಗೆ ಬರುವುದಿಲ್ಲ, ಬೆಳಗಿನ ರೈಲಿನ ಕಥೆ ಮತ್ತೊಮ್ಮೆ ಆಗುತ್ತದೆ. ಹಳೆಯ ಫೋನನ್ನು ರೀಸೆಟ್ ಮಾಡಿ ಯಾರಿಗಾದರೂ ಕೊಡುವ ಮೊದಲು, ಲಾಗಿನ್‌ಗೆ ಒಪ್ಪಿಗೆ ಕೊಡುವ ಅಥೆಂಟಿಕೇಟರ್ ಆ್ಯಪನ್ನು ಹೊಸ ಫೋನಿನಲ್ಲಿ ನೋಂದಾಯಿಸಿಕೊಂಡಿರಬೇಕು. ಹಳೆಯದು ಅಳಿದು ಹೊಸದು ನೋಂದಣಿಯಾಗದಿದ್ದರೆ ಐಟಿಯವರು ಕೈಹಿಡಿಯುವ ತನಕ ನೀವು ಹೊರಗೇ ಉಳಿಯುತ್ತೀರಿ. ಇನ್ನೊಂದು ಮಾತು: ಅಂಗಡಿಯ ಡೆಮೊ ಫೋನಿನಲ್ಲಿ ‘ಒಮ್ಮೆ ನೋಡೋಣ’ ಎಂದು ಕಚೇರಿಯ ಪಾಸ್‌ವರ್ಡ್ ಹಾಕಲೇಬೇಡಿ.

ಪ್ರಶ್ನೆ: ನಾನು ಚಿಂತಾಮಣಿಯಲ್ಲಿ ತೆರಿಗೆ ಸಲಹೆಗಾರ್ತಿ. ನಮ್ಮ ಸ್ವಂತ ಡೊಮೇನಿನ ಮೇಲ್ ಇದೆ, ವೆಬ್‌ಸೈಟ್ ಮಾಡಿಕೊಟ್ಟವರೇ ಅದನ್ನೂ ಕೊಟ್ಟಿದ್ದಾರೆ. ಫೋನಿನಲ್ಲಿ ತೆರೆದ ಮೇಲ್ ಆಮೇಲೆ ಕಂಪ್ಯೂಟರಿನಲ್ಲಿ ಸಿಗುವುದಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನಗಳು ನನ್ನ ಇಬ್ಬರು ಸಹಾಯಕರ ಫೋನಿನಲ್ಲೂ ಕಾಣಬೇಕು. ಒಬ್ಬರದು ಐಫೋನ್, ಇನ್ನೊಬ್ಬರದು ಆಂಡ್ರಾಯ್ಡ್. ಮೂವರೂ ಒಂದೇ ಬಗೆಯ ಫೋನ್ ಕೊಳ್ಳಬೇಕೇ?
— ಓದುಗರೊಬ್ಬರು, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ

ಉತ್ತರ: ಬೇಕಾಗಿಲ್ಲ. ಮೇಲ್ ಕಾಣೆಯಾಗುವುದು ಫೋನಿನಲ್ಲಿ ಖಾತೆಯನ್ನು ಪಾಪ್3 ಎಂದು ಸೇರಿಸಿರುವುದರಿಂದ. ಅದು ಸರ್ವರಿನಿಂದ ಮೇಲನ್ನು ಇಳಿಸಿಕೊಂಡು, ಸೆಟ್ಟಿಂಗ್ ಹಾಗಿದ್ದರೆ ಸರ್ವರಿನಲ್ಲಿದ್ದದ್ದನ್ನು ಅಳಿಸಿಬಿಡುತ್ತದೆ. ಖಾತೆಯನ್ನು ತೆಗೆಯುವ ಮೊದಲು ಫೋನಿನಲ್ಲಷ್ಟೇ ಉಳಿದಿರುವ ಮೇಲ್‌ಗಳನ್ನು ಬೇರೆ ವಿಳಾಸಕ್ಕೆ ಕಳಿಸಿಟ್ಟುಕೊಳ್ಳಿ, ಆಮೇಲೆ ಅದೇ ಖಾತೆಯನ್ನು ಐಮ್ಯಾಪ್ ಆಗಿ ಸೇರಿಸಿ. ಸುರಕ್ಷಿತ ಐಮ್ಯಾಪ್‌ಗೆ ಸಾಮಾನ್ಯವಾಗಿ ಬಳಸುವ ಪೋರ್ಟ್ 993, ಪಾಪ್3ಗೆ 995. ಸೆಟ್ಟಿಂಗ್ ಪರದೆಯಲ್ಲಿ 995 ಎಂದು ಕಂಡರೆ ಅಲ್ಲೇ ಗೊತ್ತಾಗುತ್ತದೆ.

ಕ್ಯಾಲೆಂಡರಿಗೆ ನಿಮ್ಮಂಥ ಮೂವರ ಕಚೇರಿಯಲ್ಲಿ ಗೂಗಲ್ ಕ್ಯಾಲೆಂಡರೇ ಸಲೀಸು. ಕಂಪ್ಯೂಟರಿನಲ್ಲಿ ‘ರಿಟರ್ನ್‌ಗಳು’ ಎಂಬ ಹೊಸ ಕ್ಯಾಲೆಂಡರ್ ಮಾಡಿ, ಸಹಾಯಕರ ಗೂಗಲ್ ಖಾತೆಗಳೊಂದಿಗೆ ಹಂಚಿಕೊಳ್ಳಿ. ನೋಡುವ ಅನುಮತಿ ಬೇರೆ, ಬದಲಿಸುವ ಅನುಮತಿ ಬೇರೆ, ಒಬ್ಬರಿಗೆ ಮಾತ್ರ ಬದಲಿಸುವ ಹಕ್ಕು ಕೊಟ್ಟರೆ ಗೋಜಲಾಗದು. ಪ್ರತಿ ತಿಂಗಳ 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ ತಿಂಗಳ ಜಿಎಸ್‌ಟಿಆರ್-3ಬಿ, ಹೀಗೆ ಮರುಕಳಿಸುವ ದಿನಗಳನ್ನು ಒಮ್ಮೆ ಹಾಕಿದರೆ ಸಾಕು. ಆದರೆ ಮಾರ್ಚ್ ತಿಂಗಳ ಟಿಡಿಎಸ್‌ಗೆ ಏಪ್ರಿಲ್ 30ರ ತನಕ ಅವಕಾಶವಿರುವುದು ನಿಮಗೆ ಗೊತ್ತೇ ಇದೆ, ಮರುಕಳಿಸುವ ಸಾಲು ಅದನ್ನು ಅರಿಯದು. ಏಪ್ರಿಲಿನ ಆ ಒಂದು ದಿನವನ್ನು ಮಾತ್ರ ಕೈಯಿಂದ ಬದಲಿಸಿ, ‘ಈ ಒಂದಕ್ಕೆ ಮಾತ್ರ’ ಎಂದು ಉಳಿಸಬೇಕು. ಸರ್ಕಾರ ಗಡುವು ವಿಸ್ತರಿಸಿದಾಗಲೂ ನೀವು ಒಂದು ಕಡೆ ತಿದ್ದಿದರೆ ಮೂರು ಫೋನುಗಳಲ್ಲೂ ಬದಲಾಗುತ್ತದೆ.

ಐಫೋನ್ ಇರುವ ಸಹಾಯಕರು ಗೂಗಲ್ ಕ್ಯಾಲೆಂಡರ್ ಆ್ಯಪನ್ನೇ ಹಾಕಿಕೊಂಡರೆ ಏನೂ ತೊಡಕಿಲ್ಲ. ಆ್ಯಪಲ್‌ನ ಸ್ವಂತ ಕ್ಯಾಲೆಂಡರಿನಲ್ಲೇ ನೋಡಬೇಕೆಂದರೆ, ಹಂಚಿಕೊಂಡ ಕ್ಯಾಲೆಂಡರ್ ತಾನಾಗಿ ಬರದೇ ಇರಬಹುದು. ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರಿನ ‘ಸಿಂಕ್‌ಸೆಲೆಕ್ಟ್’ ಪುಟಕ್ಕೆ ಹೋಗಿ ಅದಕ್ಕೆ ಟಿಕ್ ಹಾಕಬೇಕು. ಇದು ತಿಳಿಯದೆ ಫೋನ್ ಕೆಟ್ಟಿದೆ ಎಂದುಕೊಳ್ಳುವವರು ಬಹಳ.

ನಿಮ್ಮ ಹೋಸ್ಟಿಂಗ್‌ನವರ ಸರ್ವರಿನಲ್ಲೇ ಕ್ಯಾಲೆಂಡರ್ ಇಡುವ ಆಸೆ ಇದ್ದರೆ ಕ್ಯಾಲೆಂಡರನ್ನು ಸಿಂಕ್ ಮಾಡುವ ಕ್ಯಾಲ್‌ಡ್ಯಾವ್, ಸಂಪರ್ಕಗಳನ್ನು ಸಿಂಕ್ ಮಾಡುವ ಕಾರ್ಡ್‌ಡ್ಯಾವ್ ಸೌಲಭ್ಯ ಇದೆಯೇ ಎಂದು ಅವರನ್ನು ಕೇಳಿ. ಇವು ಯಾವ ಒಂದು ಕಂಪನಿಗೂ ಸೇರದ ಮುಕ್ತ ಮಾನಕಗಳು, ಮೊದಲನೆಯದು 2007ರಲ್ಲಿ, ಎರಡನೆಯದು 2011ರಲ್ಲಿ ಪ್ರಕಟವಾದದ್ದು. ಐಫೋನಿನಲ್ಲಿ ಎರಡಕ್ಕೂ ಜಾಗ ಇದೆ. ಸೋಜಿಗವೆಂದರೆ ಆಂಡ್ರಾಯ್ಡಿನಲ್ಲಿ ಅದು ಅಡಕವಾಗಿಲ್ಲ, ಡ್ಯಾವ್‌ಎಕ್ಸ್5 ಎಂಬ ಆ್ಯಪ್ ಹಾಕಿಕೊಳ್ಳಬೇಕು. ಅದು ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಆ್ಯಪ್ ಭಂಡಾರದಲ್ಲಿ ಉಚಿತ, ಪ್ಲೇ ಸ್ಟೋರ್‌ನಲ್ಲಿ ಹಣ ಕೊಡಬೇಕು. ಮೂವರಿಗೆ ಇಷ್ಟೆಲ್ಲ ಬೇಕೆಂದು ನನಗೆ ಅನಿಸುವುದಿಲ್ಲ. ಯಾವ ದಾರಿ ಹಿಡಿದರೂ ಕಕ್ಷಿದಾರರ ಪಾನ್ ಸಂಖ್ಯೆ, ಪೋರ್ಟಲಿನ ಪಾಸ್‌ವರ್ಡ್‌ಗಳನ್ನು ಕ್ಯಾಲೆಂಡರಿನ ಟಿಪ್ಪಣಿಯಲ್ಲಿ ಬರೆದಿಡಬೇಡಿ, ಹಂಚಿಕೊಂಡ ಕ್ಯಾಲೆಂಡರ್ ಎಲ್ಲ ಫೋನಿನಲ್ಲೂ ಇರುತ್ತದೆ.

ಪ್ರಶ್ನೆ: ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿ ನಡೆಸುತ್ತೇನೆ. ರೈತರು, ಲಾರಿಯವರು, ಹೊರರಾಜ್ಯದ ವ್ಯಾಪಾರಿಗಳು ಸೇರಿ ಸಾವಿರಾರು ನಂಬರುಗಳಿವೆ. ಕೆಲವು ಕನ್ನಡದಲ್ಲಿ, ಕೆಲವು ಇಂಗ್ಲಿಷಿನಲ್ಲಿ, ಒಬ್ಬರದೇ ನಾಲ್ಕು ಸಲ ಇದೆ. ಮಗ ಐಫೋನ್ ಕೊಡಿಸುತ್ತೇನೆ ಎನ್ನುತ್ತಾನೆ. ಆಂಡ್ರಾಯ್ಡಿನಿಂದ ಅದಕ್ಕೆ ಹೋದರೆ ನಂಬರುಗಳು ಹೋಗಿಬಿಡುತ್ತವೆಯೇ?
— ಮಂಡಿ ಮಾಲೀಕರು, ಕೋಲಾರ

ಉತ್ತರ: ಹೋಗುವುದಿಲ್ಲ, ಆದರೆ ಹೊಸ ಫೋನ್ ಬರುವ ಮೊದಲೇ ಹಳೆಯದರಲ್ಲಿ ಕೆಲಸ ಮುಗಿಸಿ. ಫೋನ್ ಮತ್ತು ಸಿಮ್‌ನಲ್ಲಿರುವ ನಂಬರುಗಳನ್ನೆಲ್ಲ ನಿಮ್ಮ ಗೂಗಲ್ ಖಾತೆಗೆ ಸರಿಸಿ. ಬೇಕಿದ್ದರೆ ಪೂರ್ತಿ ಪಟ್ಟಿಯನ್ನು ವಿಸಿಎಫ್ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ ಮಗನಿಗೆ ಮೇಲ್ ಮಾಡಿಡಿ. ಆ ಕಡತವನ್ನು ಐಫೋನ್, ಆಂಡ್ರಾಯ್ಡ್, ಔಟ್‌ಲುಕ್ ಎಲ್ಲವೂ ಓದುತ್ತವೆ, ಕನ್ನಡದ ಹೆಸರುಗಳೂ ಉಳಿಯುತ್ತವೆ. ಒಬ್ಬರದೇ ನಾಲ್ಕು ಇರುವುದನ್ನು ಗೂಗಲ್ ಕಾಂಟ್ಯಾಕ್ಟ್ಸಿನ ‘ಮರ್ಜ್ ಅಂಡ್ ಫಿಕ್ಸ್’ ಕೂಡಿಸಿಕೊಡುತ್ತದೆ. ಅದಕ್ಕೆ ಪೂರ್ತಿ ಕೈಬಿಟ್ಟುಕೊಡದೆ ಒಂದೊಂದಾಗಿ ನೋಡಿ ಒಪ್ಪಿ, ಯಾಕೆಂದರೆ ಮಂಡಿಯಲ್ಲಿ ‘ಲಾರಿ ಚಿತ್ತೂರು’ ಎಂದು ಉಳಿಸಿರುವ ಮೂರು ನಂಬರುಗಳು ಮೂವರು ಬೇರೆ ಬೇರೆ ಡ್ರೈವರುಗಳದಾಗಿರಬಹುದು. ಎಡವಟ್ಟಾದರೂ 30 ದಿನದೊಳಗೆ ಪಟ್ಟಿಯನ್ನು ಹಿಂದಿನ ಸ್ಥಿತಿಗೆ ತರುವ ಅವಕಾಶ ಅಲ್ಲೇ ಇದೆ.

ಐಫೋನ್ ಬಂದ ಮೇಲೆ ಅದರಲ್ಲಿ ಗೂಗಲ್ ಖಾತೆ ಸೇರಿಸಿ ‘ಕಾಂಟ್ಯಾಕ್ಟ್ಸ್’ ಸ್ವಿಚ್ ಆನ್ ಮಾಡಿದರೆ ಎಲ್ಲವೂ ಇಳಿಯುತ್ತವೆ. ಜೊತೆಗೇ ಕಾಂಟ್ಯಾಕ್ಟ್ಸ್ ಸೆಟ್ಟಿಂಗಿನಲ್ಲಿ ‘ಡೀಫಾಲ್ಟ್ ಅಕೌಂಟ್’ ಎಂಬುದನ್ನು ಜಿಮೇಲ್ ಎಂದು ಬದಲಿಸಿ. ಇದನ್ನು ಬಿಟ್ಟರೆ ಇನ್ನು ಮುಂದೆ ಸೇರಿಸುವ ನಂಬರುಗಳು ಐಕ್ಲೌಡಿಗೆ ಹೋಗುತ್ತವೆ, ಹಳೆಯವು ಗೂಗಲ್‌ನಲ್ಲಿರುತ್ತವೆ, ನಾಳೆ ಮಂಡಿಯ ಗುಮಾಸ್ತರ ಆಂಡ್ರಾಯ್ಡಿನಲ್ಲಿ ಅರ್ಧವಷ್ಟೇ ಕಾಣುತ್ತದೆ. ಪಟ್ಟಿಯಲ್ಲಿ ಇಂಗ್ಲಿಷ್ ಹೆಸರುಗಳೂ ಕನ್ನಡದವೂ ಬೇರೆ ಬೇರೆ ಗುಂಪಾಗಿ ನಿಲ್ಲುತ್ತವೆ, ಆದ್ದರಿಂದ ಯಾವುದಾದರೂ ಒಂದು ಲಿಪಿಗೆ ಗಟ್ಟಿಯಾಗಿ ನಿಲ್ಲುವುದು ಅನುಕೂಲ. ಈ ಕೆಲಸಕ್ಕಾಗಿಯೇ ಐಫೋನ್ ಕೊಳ್ಳುವ ಅಗತ್ಯವಿಲ್ಲ. ಮಗ ಪ್ರೀತಿಯಿಂದ ಕೊಡಿಸುವುದಾದರೆ ಬೇಡವೆನ್ನಲೂ ಕಾರಣವಿಲ್ಲ.

ಪ್ರಶ್ನೆ: ಗೌರಿಬಿದನೂರಿನಲ್ಲಿ ಶಾಲಾ ಕಚೇರಿಯ ಗುಮಾಸ್ತ ನಾನು. ಮೇಲ್ ಜೊತೆ ಬರುವ ಕೆಲವು ವರ್ಡ್ ಕಡತಗಳು ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಾಣುತ್ತವೆ. ಕನ್ನಡ ಸರಿಯಾಗಿ ತೋರಿಸುವ ಫೋನ್ ಯಾವುದು?
— ಓದುಗರೊಬ್ಬರು, ಗೌರಿಬಿದನೂರು

ಉತ್ತರ: ನಿಮ್ಮ ಈಗಿನ ಫೋನೇ ಕನ್ನಡವನ್ನು ಸರಿಯಾಗಿ ತೋರಿಸುತ್ತದೆ, ದೋಷ ಕಡತದ್ದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಅವುಗಳ ಮೇಲೆ ಆ ಫಾಂಟ್ ಕನ್ನಡದ ಆಕಾರ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಆಕಾರ ಕಳಚಿ ಸಂಕೇತ ಮಾತ್ರ ಕಾಣುತ್ತದೆ. ಕಳಿಸುವವರು ಅದನ್ನು ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ಪರಿವರ್ತಿಸಿ ಕಳಿಸಬೇಕು, ಪರಿವರ್ತಕಗಳು ಸಿಗುತ್ತವೆ. ಓದಲಷ್ಟೇ ಬೇಕಾದ ಸುತ್ತೋಲೆಯಾದರೆ ಪಿಡಿಎಫ್ ಮಾಡಿ ಕಳಿಸಿದರೂ ಆಯಿತು, ಅದರೊಳಗೆ ಫಾಂಟ್ ಕೂಡ ಅಡಕವಾಗಿ ಬರುತ್ತದೆ.

ಪ್ರಶ್ನೆ: ಕಚೇರಿ ಕೆಲಸಕ್ಕೆ ಹಳೆಯ ಐಫೋನ್ ಕೊಳ್ಳಬಹುದೇ? ತುಮಕೂರಿನಲ್ಲಿ ಕಡಿಮೆ ಬೆಲೆಗೆ ಒಂದು ಸಿಗುತ್ತಿದೆ.
— ಓದುಗರೊಬ್ಬರು, ಕ್ಯಾತ್ಸಂದ್ರ

ಉತ್ತರ: ಮಾದರಿ ಯಾವುದೆಂದು ಮೊದಲು ನೋಡಿ. 2025ರಲ್ಲಿ ಬಂದ ಐಒಎಸ್ 26, ಐಫೋನ್ 11ಕ್ಕಿಂತ ಹಿಂದಿನವಕ್ಕೆ ಸಿಗಲಿಲ್ಲ. ಹತ್ತು, ಎಕ್ಸ್‌ಆರ್ ಎಂದು ಅಗ್ಗಕ್ಕೆ ಸಿಗುವವು ಕಚೇರಿ ಕೆಲಸಕ್ಕೆ ಬೇಡ. ಹಳೆಯ ಐಫೋನಿನ ಇನ್ನೊಂದು ಅಪಾಯವನ್ನು ಮಾರುವವರು ಹೇಳುವುದಿಲ್ಲ: ಹಿಂದೆ ಅದು ಯಾವುದೋ ಕಂಪನಿಯ ಸ್ವತ್ತಾಗಿದ್ದರೆ, ರೀಸೆಟ್ ಮಾಡಿ ಮತ್ತೆ ಹೊಂದಿಸುವಾಗ ‘ರಿಮೋಟ್ ಮ್ಯಾನೇಜ್‌ಮೆಂಟ್’ ಎಂಬ ಪರದೆ ಬಂದು ಆ ಕಂಪನಿಯ ಲಾಗಿನ್ ಕೇಳಬಹುದು. ಎಷ್ಟು ಬಾರಿ ರೀಸೆಟ್ ಮಾಡಿದರೂ ಅದು ಹೋಗದು. ಹಿಂದಿನ ಮಾಲೀಕರ ಆ್ಯಪಲ್ ಖಾತೆಯ ಬೀಗವೂ ಹಾಗೆಯೇ. ಆದ್ದರಿಂದ ನಿಮ್ಮ ಕಣ್ಣೆದುರೇ ಪೂರ್ತಿ ರೀಸೆಟ್ ಮಾಡಿಸಿ, ವೈಫೈಗೆ ಜೋಡಿಸಿ, ಮುಖಪುಟ ಬರುವ ತನಕ ಹೊಂದಿಸಿ ನೋಡಿದ ಮೇಲೆಯೇ ಹಣ ಕೊಡಿ. ಅದಕ್ಕೂ ಮೊದಲು *#06# ಒತ್ತಿ ಆ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ತೆಗೆದುಕೊಂಡು, ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು ಜಾಗ ಬಿಟ್ಟು ಆ 15 ಅಂಕಿಗಳನ್ನು 14422ಕ್ಕೆ ಎಸ್‌ಎಂಎಸ್ ಮಾಡಿ. ಕಳುವಾಗಿದೆಯೆಂದು ದೂರಸಂಪರ್ಕ ಇಲಾಖೆ ತಡೆಹಿಡಿದ ಫೋನಾಗಿದ್ದರೆ ಉತ್ತರದಲ್ಲಿ ತಿಳಿಯುತ್ತದೆ. ಸಂಚಾರ್ ಸಾಥಿ ಪೋರ್ಟಲಿನಲ್ಲೂ ಇದನ್ನು ನೋಡಬಹುದು.